ದರ್ಬಾರ್ ಕೋಟಿನ ಒಳಗೆ ಲೈನಿಂಗ್ ಎಳೆದಾಗ

ಕಪ್ಪು ಉದ್ದ ಕೋಟು, ಬಿಳಿ ಷರಾಯಿ, ತಲೆಗೆ ಜರಿಪೇಟ, ಹೆಗಲ ಮೇಲೆ ಜರಿಯಂಚಿನ ವಲ್ಲಿ. ಮೈಸೂರು ಅರಸರ ದರ್ಬಾರಿಗೆ ಹೋಗುತ್ತಿದ್ದವರ ಉಡುಪು ಇದು. ನಾಟಕಕ್ಕೆ, ಮೆರವಣಿಗೆಗೆ, ಶಾಲೆಯ ವೇಷಭೂಷಣ ಸ್ಪರ್ಧೆಗೆ ಈ ಕೋಟನ್ನು ಇಂದಿಗೂ ಹೊಲಿಯುವವರಿದ್ದಾರೆ. ಹೊರಬಟ್ಟೆಯ ಕಟಿಂಗ್ ಸರಿಯಾಗಿರುತ್ತದೆ, ಮೊದಲ ಟ್ರಯಲ್‌ನಲ್ಲಿ ಕೋಟು ಮೈಗೆ ಒಪ್ಪುತ್ತದೆ. ಲೈನಿಂಗ್ ಸೇರಿಸಿದ ಮೇಲೆ ಮಾತ್ರ ಬೆನ್ನು ಬಿಗಿಯುತ್ತದೆ, ಮುಂದಿನ ಅಂಚು ಒಳಕ್ಕೆ ಮಡಚಿಕೊಳ್ಳುತ್ತದೆ, ಕೈ ಎತ್ತಿದರೆ ಇಡೀ ಕೋಟೇ ಮೇಲೇಳುತ್ತದೆ.

ಆಗ ಹೆಚ್ಚಿನವರು ಕೆಳಗಿನ ಅಂಚು ಬಿಚ್ಚಲು ಕೂರುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ಕೈಹಾಕಬೇಕಾದ ಜಾಗ. ತಪ್ಪು ಬಹುಮಟ್ಟಿಗೆ ಕಂಕುಳಲ್ಲೋ ಬೆನ್ನಲ್ಲೋ ಇರುತ್ತದೆ, ಅಂಚಿನಲ್ಲಿ ಅದು ಎದ್ದು ಕಾಣುತ್ತದೆ ಅಷ್ಟೆ.

ಇದಕ್ಕೆ ಕಾರಣ ಸರಳ. ಸರ್ಜ್ ಅಥವಾ ಟೆರಿವುಲ್‌ನಂಥ ಹೊರಬಟ್ಟೆ ಮೈಯ ಚಲನೆಗೆ ತಕ್ಕಂತೆ ತುಸು ಹಿಗ್ಗುತ್ತದೆ, ಹಬೆ ತಾಗಿಸಿ ಇಸ್ತ್ರಿ ಮಾಡಿದರೆ ಆಕಾರವನ್ನೂ ಪಡೆಯುತ್ತದೆ. ಲೈನಿಂಗ್‌ಗೆ ಬಳಸುವ ಸಾಟಿನ್, ಪಾಪ್ಲಿನ್ ಹಾಗೆ ಹಿಗ್ಗುವುದಿಲ್ಲ. ಆದ್ದರಿಂದ ಹೊರಬಟ್ಟೆಯ ಅಳತೆಗೇ ಲೈನಿಂಗ್ ಕತ್ತರಿಸಿದರೆ ಕೈಕಾಲು ಆಡಿಸುವಾಗ ಅದು ಸಾಲದೇ ಬರುತ್ತದೆ.

ಮೊದಲು ತಪ್ಪು ಎಲ್ಲಿದೆ ನೋಡಿ

ಕೋಟು ತೊಡುವವರಿಗೆ ವೇಷದ ಒಳ ಅಂಗಿಯ ಮೇಲೆಯೇ ಅದನ್ನು ತೊಡಿಸಿ, ಗುಂಡಿಗಳನ್ನೆಲ್ಲ ಹಾಕಿ. ಸುಮ್ಮನೆ ನಿಲ್ಲಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಕೈಮುಗಿಯಲು ಹೇಳಿ, ಸೊಂಟ ಬಾಗಿಸಿ ವಂದಿಸಲು ಹೇಳಿ, ಕುಳಿತು ಏಳಲು ಹೇಳಿ. ಸುಕ್ಕುಗಳು ಯಾವ ಕಡೆಗೆ ಎಳೆಯುತ್ತಿವೆಯೋ ಆ ಜಾಗವೇ ಬಿಗಿ. ಬೆನ್ನಿನಲ್ಲಿ ಅಡ್ಡ ಗೆರೆಗಳು ಮೂಡಿದರೆ ಅಗಲ ಸಾಲದು. ಕಂಕುಳಿನಿಂದ ಓರೆಯಾಗಿ ಹೊರಟರೆ ತೋಳು ಕೂರುವ ಸುತ್ತು ಕೆಳಗಿಳಿದಿದೆ. ಕೆಳ ಅಂಚಿನ ಬಳಿ ಬಟ್ಟೆ ಜೋತು ಉಬ್ಬಿದ್ದರೆ ಲೈನಿಂಗ್ ಉದ್ದವಾಗಿದೆ.

ಗೆರೆ ನೋಡಿಯೂ ಅನುಮಾನ ಉಳಿದರೆ, ಪರೀಕ್ಷೆಗಾಗಿ ಮಾತ್ರ, ಕೆಳ ಅಂಚಿನಲ್ಲಿ ಮತ್ತು ಒಂದು ಕಂಕುಳಲ್ಲಿ ಲೈನಿಂಗ್‌ನ ಹೊಲಿಗೆ ಬಿಚ್ಚಿ, ಕೋಟನ್ನು ಮತ್ತೆ ತೊಡಿಸಿ. ಹೊರಬಟ್ಟೆ ನೆಟ್ಟಗೆ ಇಳಿದರೆ ತಪ್ಪು ಲೈನಿಂಗ್‌ನದು. ಆಗಲೂ ಎಳೆಯುತ್ತಿದ್ದರೆ ಕೋಟಿನ ಕಟಿಂಗೇ ತಪ್ಪಿದೆ. ಅದನ್ನು ಸರಿಪಡಿಸದೆ ಲೈನಿಂಗ್ ಮುಟ್ಟಬೇಡಿ.

ಕಂಕುಳು

ಇಲ್ಲಿ ಆತುರ ಬೇಡ. ಕೋಟಿನ ದೇಹಕ್ಕೆ ತೋಳು ಸೇರುವಲ್ಲಿ, ಕಂಕುಳ ಅಡಿಯಲ್ಲಿ, ಹೊಲಿಗೆಗೆಂದು ಬಿಟ್ಟ ಬಟ್ಟೆ ಮೇಲ್ಮುಖವಾಗಿ ನಿಂತಿರುತ್ತದೆ. ಅರ್ಧ ಇಂಚು ಎತ್ತರದ ಸಣ್ಣ ಗೋಡೆ ಅದು. ಲೈನಿಂಗ್ ದೇಹದ ಕಡೆಯಿಂದ ಆ ಗೋಡೆ ಹತ್ತಿ, ದಾಟಿ, ತೋಳಿನೊಳಕ್ಕೆ ಇಳಿಯಬೇಕು. ಹೊರಬಟ್ಟೆಯ ಕಂಕುಳಿಗೆ ಸಮನಾಗಿ ಕತ್ತರಿಸಿದ ಲೈನಿಂಗ್‌ಗೆ ಈ ದಾರಿಗೆ ಬೇಕಾದ ಬಟ್ಟೆ ಇರುವುದಿಲ್ಲ. ಹಾಗಾಗಿ ಅದು ದೇಹದ ಬಟ್ಟೆಯನ್ನು ಮೇಲಕ್ಕೂ ತೋಳನ್ನು ಕೆಳಕ್ಕೂ ಎಳೆಯುತ್ತದೆ. ಕೈ ಎತ್ತಿದಾಗ ಕೋಟು ಏಳುವುದು ಇದರಿಂದಲೇ.

ಲೈನಿಂಗ್ ಇನ್ನೂ ಕತ್ತರಿಸಿಲ್ಲವಾದರೆ ದೇಹದ ಭಾಗದಲ್ಲೂ ತೋಳಿನ ಭಾಗದಲ್ಲೂ ಕಂಕುಳ ತಳವನ್ನು ಅರ್ಧದಿಂದ ಮುಕ್ಕಾಲು ಇಂಚು ಮೇಲಕ್ಕೆ ಗುರುತು ಮಾಡಿ. ಭುಜದ ಕಡೆ ಹೋಗುತ್ತಾ ಈ ಹೆಚ್ಚಳ ಕ್ರಮೇಣ ಕರಗಿ ಮೂಲ ಗೆರೆಗೆ ಸೇರಲಿ.

ಕತ್ತರಿಸಿ ಹೊಲಿದಾಗಿದ್ದರೆ ಎರಡು ದಾರಿ. ಕೆಳ ಅಂಚಿನಲ್ಲಿ ಉಳಿಕೆ ಬಟ್ಟೆ ಇದ್ದರೆ ದೇಹದ ಲೈನಿಂಗನ್ನು ಕತ್ತಿನಿಂದ, ಭುಜದಿಂದ ಬಿಚ್ಚಿ ಅರ್ಧ ಇಂಚು ಮೇಲೆತ್ತಿ, ಭುಜದಲ್ಲೂ ಕತ್ತಿನಲ್ಲೂ ಹೆಚ್ಚಾದದ್ದನ್ನು ಹೊಲಿಗೆಯೊಳಕ್ಕೆ ತೆಗೆದುಕೊಳ್ಳಿ. ಉಳಿಕೆ ಇಲ್ಲದಿದ್ದರೆ ಕಂಕುಳ ಪಟ್ಟಿ ಕೊಡಬೇಕು. ಲೈನಿಂಗ್‌ನ ಪಕ್ಕದ ಹೊಲಿಗೆಯನ್ನು ಕಂಕುಳಿನಿಂದ ಕೆಳಕ್ಕೆ 3 ಇಂಚು ಬಿಚ್ಚಿ, ತೋಳಿನ ಒಳಹೊಲಿಗೆಯನ್ನೂ ಅಷ್ಟೇ ಬಿಚ್ಚಿ. ಎರಡೂ ತುದಿ ಚೂಪಾಗಿ, ನಡುವೆ ಒಂದೂವರೆ ಇಂಚು ಅಗಲವಿರುವ ದೋಣಿಯಾಕಾರದ ತುಂಡನ್ನು ಓರೆ ಎಳೆಯಲ್ಲಿ, ಅಂದರೆ ನೇಯ್ಗೆಯ ಎಳೆಗಳಿಗೆ ಓರೆಯಾಗಿ, ಕತ್ತರಿಸಿ, ಸುತ್ತ ಹೊಲಿಗೆಗೆ ಬೇಕಾದಷ್ಟು ಬಿಟ್ಟು ಕೂರಿಸಿ. ತೇಪೆ ಕಾಣುತ್ತದೆ ಎಂಬ ಮುಜುಗರ ಬೇಡ. ಯುರೋಪಿನಲ್ಲಿ ಉಳಿದಿರುವ 18ನೇ ಶತಮಾನದ ಕೋಟುಗಳಲ್ಲೂ ತುಂಡು ಜೋಡಿಸಿದ ಲೈನಿಂಗ್ ಸಾಮಾನ್ಯ. ಬಟ್ಟೆ ದುಬಾರಿಯಾಗಿದ್ದ ಕಾಲದ ಜಾಣತನ ಅದು, ಐತಿಹಾಸಿಕ ಉಡುಪಿಗೆ ಖಂಡಿತ ಹೊಂದುತ್ತದೆ.

ಬೆನ್ನು

ಲೈನಿಂಗ್‌ನ ಬೆನ್ನಿನ ನಡುವೆ ಒಂದು ಮಡಿಕೆ ಇರಲೇಬೇಕು. ಕತ್ತರಿಸುವಾಗ ಮಡಚಿದ ಬಟ್ಟೆಯ ಅಂಚಿನಿಂದ ಪ್ಯಾಟರ್ನ್ ಅನ್ನು 1 ಇಂಚು ಈಚೆ ಇಟ್ಟರೆ ಒಟ್ಟು 2 ಇಂಚು ಹೆಚ್ಚುವರಿ ಅಗಲ ಸಿಗುತ್ತದೆ. ಈ ಮಡಿಕೆಯನ್ನು ಕತ್ತಿನ ಬಳಿ 2 ಇಂಚು, ಸೊಂಟದ ಬಳಿ 2 ಇಂಚು ಮಾತ್ರ ಹೊಲಿದು ಹಿಡಿಸಿ. ನಡುವಿನ ಭಾಗ ಬಿಚ್ಚಿರಲಿ, ಕೈ ಮುಂದಕ್ಕೆ ಚಾಚಿದಾಗ ಅದೇ ತೆರೆದುಕೊಳ್ಳುತ್ತದೆ. ಮಡಿಕೆ ಇದ್ದೂ ಬೆನ್ನು ಬಿಗಿಯಾಗಿದ್ದರೆ ಅದನ್ನು ಉದ್ದಕ್ಕೂ ಹೊಲಿದುಬಿಟ್ಟಿದ್ದಾರೆಯೇ ನೋಡಿ. ಮಡಿಕೆಯೇ ಇಲ್ಲದಿದ್ದರೆ ಬೆನ್ನಿನ ನಡುವೆ ಕತ್ತರಿಸಿ ಉದ್ದನೆಯ ಪಟ್ಟಿ ಸೇರಿಸಬಹುದು.

ತೋಳು ತಿರುಚಿಕೊಂಡಿದ್ದರೆ

ಕೈ ತೂರಿಸುವಾಗ ಲೈನಿಂಗ್ ಸುತ್ತಿಕೊಂಡರೆ ತೋಳು ಸೇರಿಸುವಾಗ ಗುರುತಿನ ಕಚ್ಚುಗಳು (ಜೋಡಿಸುವ ಜಾಗ ತಿಳಿಯಲು ಅಂಚಿನಲ್ಲಿ ಹಾಕಿದ ಸಣ್ಣ ಕತ್ತರಿ ಗುರುತುಗಳು) ಹೊಂದಿಲ್ಲವೆಂದೇ ಅರ್ಥ. ಬಿಚ್ಚಿ, ತೋಳನ್ನು ಒಳಹೊರಗು ಮಾಡಿ, ಲೈನಿಂಗ್‌ನ ಹೊಲಿಗೆ ಹೊರಬಟ್ಟೆಯ ಹೊಲಿಗೆಯ ಮೇಲೆಯೇ ಕೂರುವಂತೆ ಪಿನ್ನು ಹಾಕಿ, ನಡುಭಾಗದಲ್ಲಿ ಎರಡೂ ಹೊಲಿಗೆಗಳನ್ನು ಸಡಿಲವಾದ ಕೈಹೊಲಿಗೆಯಿಂದ ಒಂದಕ್ಕೊಂದು ಹಿಡಿಸಿ. ತೋಳಿಗೆ ಜಾರುವ ಬಟ್ಟೆಯೇ ಬೇಕು. ರಂಗದ ದೀಪಗಳ ಶಾಖಕ್ಕೆ ದೇಹದ ಭಾಗದಲ್ಲಿ ಹತ್ತಿಯ ಲೈನಿಂಗ್ ಹಿತ, ಆದರೆ ತೋಳಿನಲ್ಲಿ ಹತ್ತಿ ಅಂಗಿಗೆ ಅಂಟಿಕೊಳ್ಳುತ್ತದೆ. ದೇಹಕ್ಕೊಂದು, ತೋಳಿಗೊಂದು ಬಟ್ಟೆ ಹಾಕುವುದು ಹಳೆಯ ದರ್ಜಿಗಳ ಪದ್ಧತಿಯೂ ಹೌದು. 19ನೇ ಶತಮಾನದ ಇಂಗ್ಲಿಷ್ ಕೋಟುಗಳಲ್ಲಿ ತೋಳಿಗೆ ಪಟ್ಟೆಪಟ್ಟೆಯ ಲೈನಿಂಗ್ ಇರುತ್ತಿತ್ತು.

ಮುಂಭಾಗ, ಆಮೇಲೆ ಅಂಚು

ಗುಂಡಿ ಸಾಲಿನ ಅಂಚು ಒಳಕ್ಕೆ ಸುತ್ತಿಕೊಂಡರೆ ಒಳಪಟ್ಟಿಗೆ (ಮುಂದಿನ ಅಂಚಿನ ಒಳಬದಿಗೆ ಕೊಡುವ ಹೊರಬಟ್ಟೆಯ ಪಟ್ಟಿಗೆ) ಸೇರುವ ಲೈನಿಂಗ್ ಗಿಡ್ಡವಾಗಿದೆ. ಒಳಪಟ್ಟಿಯ ಉದ್ದಕ್ಕೂ ಹೊಲಿಗೆ ಬಿಚ್ಚಿ, ಎದೆಯ ಮಟ್ಟದಲ್ಲಿ ಕಾಲು ಇಂಚಿನಷ್ಟು ಸಡಿಲ ಕೊಟ್ಟು ಪಿನ್ನು ಮಾಡಿ, ಮೇಲಿನಿಂದ ಕೆಳಕ್ಕೆ ಕೈಯಲ್ಲೇ ಹೊಲಿಯಿರಿ. ಮೆಷಿನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಮುಂದೆ ತಳ್ಳಿ ಕೊಟ್ಟ ಸಡಿಲವನ್ನು ಜರುಗಿಸಿಬಿಡುತ್ತದೆ. ವೇಷದ ಕೋಟು ನಾಳೆ ಇನ್ನೊಬ್ಬ ಕಲಾವಿದರ ಮೈಗೆ ಹೋಗುತ್ತದೆ, ಕೈಹೊಲಿಗೆಯಾದರೆ ಬಿಚ್ಚಿ ಹಿಗ್ಗಿಸುವುದೂ ಸುಲಭ. ಪಕ್ಕದ ಹೊಲಿಗೆಗಳಲ್ಲಿ 1 ಇಂಚು ಮಾರ್ಜಿನ್ ಬಿಡಲು ಮರೆಯಬೇಡಿ.

ಇಷ್ಟಾದ ಮೇಲೆ ಕೋಟನ್ನು ಅಗಲ ಭುಜದ ಹ್ಯಾಂಗರ್‌ಗೆ ಹಾಕಿ ಒಂದು ದಿನ ನೇತುಬಿಡಿ. ಮೊಣಕಾಲವರೆಗಿನ ಘೇರಿನಲ್ಲಿ ಓರೆ ಎಳೆಯ ಭಾಗ ಇಳಿಯುತ್ತದೆ, ಹೊರಬಟ್ಟೆಯೂ ಲೈನಿಂಗೂ ಒಂದೇ ಸಮ ಇಳಿಯುವುದಿಲ್ಲ. ಇಳಿದಾದ ಮೇಲೆಯೇ ಅಂಚು ಗುರುತಿಸಬೇಕು. ಮಡಚಿ ಹೊಲಿದ ಮೇಲೆ ಲೈನಿಂಗ್ ಹೊರಬಟ್ಟೆಗಿಂತ ಮುಕ್ಕಾಲು ಇಂಚು ಮೇಲಿರಲಿ. ಉದ್ದ ಕೋಟಿನಲ್ಲಿ ಎರಡು ಅಂಚುಗಳನ್ನು ಸೇರಿಸಿ ಹೊಲಿಯುವುದಕ್ಕಿಂತ ಬಿಡಿಯಾಗಿ ಬಿಡುವುದೇ ಒಳ್ಳೆಯದು: ಪಕ್ಕದ ಹೊಲಿಗೆಗಳ ಬಳಿ ಮಾತ್ರ ಒಂದೂವರೆ ಇಂಚು ಉದ್ದದ ದಾರದ ಸರಪಳಿ ಹೆಣೆದು ಲೈನಿಂಗನ್ನು ಹೊರಬಟ್ಟೆಗೆ ಕಟ್ಟಿ. ಕುಳಿತೆದ್ದಾಗ ಎರಡೂ ತಮ್ಮ ಪಾಡಿಗೆ ಜರುಗಿ ಮರಳುತ್ತವೆ.

ಹಿಂದೆ ಸೀಳು ಇದ್ದರೆ ಲೈನಿಂಗನ್ನು ಸೀಳಿನ ಅಂಚಿನಿಂದ ಅರ್ಧ ಇಂಚು ಒಳಗೆ ಮಡಚಿ, ಮೇಲಿನಿಂದ ಸಣ್ಣ ಕೈಹೊಲಿಗೆ ಹಾಕುತ್ತಾ ಬಂದು, ಕೆಳ ಅಂಚಿಗೆ 1 ಇಂಚು ಇರುವಾಗ ನಿಲ್ಲಿಸಿ. ಹೊಲಿಯುವಾಗ ಲೈನಿಂಗನ್ನು ಎಳೆದು ಹಿಡಿಯಬೇಡಿ, ಎಳೆದರೆ ಸೀಳು ಬಾಯಿಬಿಡುತ್ತದೆ. ಕೊನೆಯಲ್ಲಿ ಕಡಿಮೆ ಬಿಸಿಯ ಇಸ್ತ್ರಿಯನ್ನು ಒಳಗಿನಿಂದ, ನಡುವೆ ತೆಳು ಹತ್ತಿಬಟ್ಟೆ ಹಾಸಿ ಒತ್ತಿ.