ಮನಸ್ಸಿಲ್ಲದ ಮನಸ್ಸಿನಿಂದ ಹೊರಡುವಾಗ

ಮೆಚ್ಚಿದ ದೇಶವನ್ನು ಬಿಟ್ಟು ಬರುವ ಸಂಕಟದಲ್ಲಿ ತಾರೀಖು ಮರೆಯದಂತೆ, ಎರಡು ದಿನ ಮೊದಲೇ ವೀಸಾದ ಅವಧಿಯನ್ನು ಮತ್ತೊಮ್ಮೆ ನೋಡಿಕೊಳ್ಳಿ. ಬಂದಿಳಿದ ದಿನವನ್ನೂ ಲೆಕ್ಕಕ್ಕೆ ಸೇರಿಸುವ ದೇಶಗಳು ಹಲವಿರುವುದರಿಂದ, ಮಧ್ಯರಾತ್ರಿ ದಾಟಿ ಹೊರಡುವ ವಿಮಾನದಿಂದ ಅವಧಿ ಮೀರಿ ಉಳಿದಂತಾಗಬಹುದು. ಹಣ ವಿನಿಮಯದ ಕೌಂಟರುಗಳು ಸಾಮಾನ್ಯವಾಗಿ ನಾಣ್ಯಗಳನ್ನು ತೆಗೆದುಕೊಳ್ಳುವುದಿಲ್ಲ. ಅವನ್ನು ಖರ್ಚು ಮಾಡಿ, ನೆನಪಿಗೆ ಒಂದನ್ನು ಉಳಿಸಿಕೊಂಡರೆ ಸಾಕು. ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ. 100 ಮಿಲಿಲೀಟರಿಗಿಂತ ದೊಡ್ಡ ಅತ್ತರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಿ.

ಕೊನೆಯ ಸಂಜೆ ಹೊಸ ಜಾಗ ನೋಡಲು ಓಡಬೇಡಿ (ಆ ತಪ್ಪನ್ನು ನಾನು ಮಾಡಿದ್ದೇನೆ). ದಿನವೂ ನಡೆದ ಬೀದಿಯಲ್ಲೇ ನಿಧಾನವಾಗಿ ನಡೆದು, ನಿತ್ಯವೂ ನಕ್ಕು ಮಾತನಾಡಿಸಿದ ಅಂಗಡಿಯವರಿಗೆ ‘ಹೋಗಿ ಬರುತ್ತೇನೆ’ ಎಂಬುದನ್ನು ಅವರದೇ ಭಾಷೆಯಲ್ಲಿ ಕಲಿತು ಹೇಳಿ.