ಬ್ಯಾಟರಿ ಊದಿದ ಲ್ಯಾಪ್‌ಟಾಪ್: ವಾರಂಟಿ ಮುಗಿದ ಮೇಲೂ ಪುಕ್ಕಟೆ ರಿಪೇರಿ

ಟಚ್‌ಪ್ಯಾಡ್ ಮೇಲೆದ್ದು ಕ್ಲಿಕ್ ಆಗುತ್ತಿಲ್ಲ, ಮುಚ್ಚಳ ಸರಿಯಾಗಿ ಕೂರುತ್ತಿಲ್ಲ ಅಂದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಚಾರ್ಜರ್ ಕಿತ್ತು ಆಫ್ ಮಾಡಿ. ಒತ್ತಿ ಕೂರಿಸಲು ಹೋಗಬೇಡಿ. ಊದಿದ ಲಿಥಿಯಂ ಸೆಲ್‌ನಲ್ಲಿ ಅನಿಲ ತುಂಬಿರುತ್ತದೆ, ತೂತಾದರೆ ಬೆಂಕಿ ಹತ್ತಬಹುದು.

ಕೆಲವು ಬ್ಯಾಚಿನ ಬ್ಯಾಟರಿಗಳಿಗೆ ಕಂಪನಿಗಳು ಉಚಿತ ಬದಲಾವಣೆ ಘೋಷಿಸುತ್ತವೆ. ಅದು ವಾರಂಟಿಗೆ ಸಂಬಂಧಪಟ್ಟಿದ್ದಲ್ಲ. ಮಾಡೆಲ್ ಒಂದೇ ಇದ್ದರೂ ಸಾಲದು, ಸೀರಿಯಲ್ ನಂಬರ್ ಪಟ್ಟಿಯಲ್ಲಿರಬೇಕು. ತಳದ ಸ್ಟಿಕ್ಕರ್ ನೋಡಿ ಕಂಪನಿಯ ತಾಣದಲ್ಲಿ ನಂಬರ್ ಹಾಕಿ, ಬಂದ ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಫೋನಿನಲ್ಲಿ ಸಿಗುವವರು ಹೆಚ್ಚಾಗಿ ವಾರಂಟಿ ತಾರೀಖು ನೋಡಿಯೇ "ದುಡ್ಡಾಗುತ್ತದೆ" ಅಂದುಬಿಡುತ್ತಾರೆ. ನನ್ನ ಲ್ಯಾಪ್‌ಟಾಪಿನ ಕೆಲಸ ಆದದ್ದೂ ಆ ಸ್ಕ್ರೀನ್‌ಶಾಟ್‌ನಿಂದಲೇ.

ಶಿರಸಿಯಿಂದ ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ಬಸ್ಸಿನಲ್ಲಿ ಪಾರ್ಸೆಲ್ ಹಾಕೋಣ ಅನ್ನಿಸುತ್ತದೆ. ಊದಿದ ಬ್ಯಾಟರಿಗೆ ಅದು ಬೇಡವೇ ಬೇಡ, ಕೊರಿಯರೂ ಬೇಡ. ಎಂಜಿನಿಯರನ್ನು ಮನೆಗೇ ಕಳಿಸುತ್ತಾರಾ ಕೇಳಿ.

ಕಾರವಾರ, ಕುಮಟಾ ಕಡೆಯವರಿಗೆ ಇನ್ನೊಂದು ಕಾಟ: ಉಪ್ಪುಗಾಳಿ. ಪೋರ್ಟ್‌ಗಳಲ್ಲಿ ಹಸಿರು ಕಿಲುಬು ಕಂಡರೆ ಸರ್ವಿಸ್‌ನವರು "ನೀರು ಬಿದ್ದಿದೆ" ಎಂದು ಬರೆದು, ಮೊದಲು ಅದನ್ನು ದುಡ್ಡು ಕೊಟ್ಟು ಸರಿಮಾಡಿಸಿ ಎನ್ನಬಹುದು. ಕೊಡುವ ಮೊದಲೇ ನಾಲ್ಕೂ ಬದಿಯ ಫೋಟೋ ತೆಗೆಯಿರಿ. ಜಾಬ್ ಶೀಟ್‌ನಲ್ಲಿ (ರಿಪೇರಿಗೆ ತೆಗೆದುಕೊಳ್ಳುವಾಗ ಅವರು ಬರೆಯುವ ಚೀಟಿ) ದೋಷ, ಸೀರಿಯಲ್ ನಂಬರ್, "ಉಚಿತ" ಮೂರೂ ಇವೆಯೇ ನೋಡಿಯೇ ಸಹಿ ಹಾಕಿ.

ಬ್ಯಾಟರಿ ಬದಲಿಸಿದರೆ ಡೇಟಾಕ್ಕೆ ಏನೂ ಆಗದು. ಆದರೆ ಮದರ್‌ಬೋರ್ಡ್ ಬದಲಿಸಿದರೆ ವಿಂಡೋಸ್ 48 ಅಂಕಿಯ ಬಿಟ್‌ಲಾಕರ್ ಕೀ (ಡಿಸ್ಕಿನ ಬೀಗ ತೆರೆಯುವ ಸಂಖ್ಯೆ) ಕೇಳಬಹುದು. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿದ್ದರೆ ಮೊದಲೇ ಬರೆದಿಟ್ಟುಕೊಳ್ಳಿ.