ಮೀನು ಬರುವ ದಾರಿ ಯಾರ ಕೈಲಿ?

2021ರ ನವೆಂಬರಿನಲ್ಲಿ ನಾನು ಮೊದಲ ಅಮೆರಿಕನ್ ಷೇರು ಕೊಂಡೆ. ಮೆಟಾ, ಅಂದರೆ ಫೇಸ್‌ಬುಕ್. ಒಂದಕ್ಕೆ 330 ಡಾಲರ್ ಹತ್ತಿರ. ಕಾರಣ ಕೇಳಿ ನಗಬೇಡಿ: ವಾಟ್ಸಾಪ್ ಕೂಡ ಅವರದ್ದೇ, ಕಾರವಾರದ ನಮ್ಮ ಓಣಿಯಲ್ಲಿ ವಾಟ್ಸಾಪ್ ಇಲ್ಲದ ಮನೆಯೇ ಇರಲಿಲ್ಲ. ಇಂಥ ಕಂಪನಿಗೆ ಏನಾಗ್ತದೆ ಅಂದುಕೊಂಡೆ.

2022ರ ಫೆಬ್ರವರಿ 3ರಂದು ಅದು ಒಂದೇ ದಿನ ಶೇ 26 ಬಿತ್ತು. ಟಿಕ್‌ಟಾಕ್ ಪೈಪೋಟಿ ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದು. ಹಿಂದಿನ ವರ್ಷ ಆಪಲ್ ಐಫೋನಿನಲ್ಲಿ ಹೊಸ ನಿಯಮ ತಂದಿತ್ತು: ಬೇರೆ ಆ್ಯಪ್‌ಗಳಲ್ಲಿ ನೀವು ಏನು ಮಾಡುತ್ತೀರಿ ಎಂದು ಹಿಂಬಾಲಿಸಬೇಕಾದರೆ ಮೊದಲು ನಿಮ್ಮನ್ನು ಕೇಳಬೇಕು. ಜಾಸ್ತಿ ಜನ ಬೇಡ ಅಂದರು. ಯಾರಿಗೆ ಯಾವ ಜಾಹೀರಾತು ತೋರಿಸಬೇಕು ಎಂದು ತಿಳಿಯುವುದು ಮೆಟಾಗೆ ಕಷ್ಟವಾಯಿತು. ಇದರಿಂದ 2022ರಲ್ಲಿ ಸುಮಾರು 1,000 ಕೋಟಿ ಡಾಲರ್ ಆದಾಯ ಹೋಗಬಹುದು ಎಂದು ಮೆಟಾವೇ ಹೇಳಿತು.

ಅವತ್ತು ಅಜ್ಜನ ರಂಪಣಿ ನೆನಪಾಯಿತು. ದಡದಲ್ಲಿ ಹತ್ತಾರು ಜನ ಸಾಲಾಗಿ ನಿಂತು ಎಳೆಯುವ ಬಲೆ ಅದು. ಅಜ್ಜನಿಗೂ ಅದರಲ್ಲಿ ಪಾಲು ಇತ್ತು. ಬಂಗಡೆ, ತಾರ್ಲೆ ದಡದ ಹತ್ತಿರ ಬಂದರಷ್ಟೇ ಊಟ. 70ರ ದಶಕದ ಕೊನೆಯ ಹೊತ್ತಿಗೆ ಪರ್ಸೀನ್ ಬೋಟುಗಳು ಬಂದವು. ಮೀನು ದಡ ಸೇರುವ ಮೊದಲೇ ಸುತ್ತು ಹಾಕಿ ಎತ್ತಿಕೊಂಡವು. ಅಜ್ಜನ ಬಲೆ ಎಲ್ಲೂ ಹರಿದಿರಲಿಲ್ಲ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಕಂಪನಿಗೊಂದು ಪುಟ. ದುಡ್ಡು ಎಲ್ಲಿಂದ ಬರ್ತದೆ, ಆ ದಾರಿ ಯಾರ ಕೈಲಿದೆ, ಇಷ್ಟೇ ಬರೆಯುವುದು. ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಅಲ್ಲಿನ ಕಂಪನಿಗಳ ವಾರ್ಷಿಕ ವರದಿಯಲ್ಲಿ ಅಪಾಯಗಳದ್ದೇ ಒಂದು ಅಧ್ಯಾಯ ಇರ್ತದೆ. ಓದಲು ಬೇಸರ, ನಿಜ. ಆದರೆ ಸತ್ಯ ಅಲ್ಲೇ ಇರುವುದು. ಗೂಗಲ್ ಪುಟದಲ್ಲಿ ನಾನು ದಪ್ಪ ಅಕ್ಷರದಲ್ಲಿ ಬರೆದದ್ದು: ಐಫೋನಿನಲ್ಲಿ ತನ್ನ ಹುಡುಕಾಟವೇ ಮೊದಲಿರಲಿ ಎಂದು 2022ರಲ್ಲಿ ಆಪಲ್‌ಗೆ 2,000 ಕೋಟಿ ಡಾಲರ್ ಕೊಟ್ಟಿದೆ. ಅಷ್ಟು ದೊಡ್ಡವನೂ ಬಾಗಿಲ ಬಾಡಿಗೆ ಕಟ್ತಾನೆ, ಅಲ್ವಾ?

ನೋಟ್‌ಬುಕ್ ಇದ್ದರೂ ಹೆದರಿಕೆ ಹೋಗಲಿಲ್ಲ. 2022ರ ನವೆಂಬರಿನಲ್ಲಿ ಮೆಟಾ 90 ಡಾಲರ್ ಹತ್ತಿರ ಇಳಿದಾಗ ಎಲ್ಲ ಮಾರಿದೆ. 2023ರ ಕೊನೆಗೆ ಅದು 350 ದಾಟಿತು. ತಪ್ಪು ನನ್ನದೇ. ಆಪಲ್ ನಿಯಮಕ್ಕೆ ಅವರು ಬೇರೆ ಉಪಾಯ ಕಟ್ಟುತ್ತಿದ್ದಾರೆ ಎಂದು ನನ್ನ ಕೈಯಾರೆ ಬರೆದಿದ್ದೆ. ಮಾರುವ ದಿನ ಆ ಪುಟ ತೆರೆದೇ ಇರಲಿಲ್ಲ.

2025ರ ಜನವರಿ 27ರಂದು ಎಐ ಚಿಪ್ಪಿನ ಕಂಪನಿ ಎನ್ವಿಡಿಯಾ ಶೇ 17 ಬಿದ್ದಾಗ ಮಾತ್ರ ಮೊದಲು ಪುಟ ತೆರೆದೆ. ಅದಕ್ಕೆ ಚಿಪ್ ಮಾಡಿಕೊಡುವುದು ತೈವಾನಿನ ಟಿಎಸ್ಎಂಸಿ ಕಂಪನಿ. ದೊಡ್ಡ ಗಿರಾಕಿಗಳಾದ ಗೂಗಲ್, ಅಮೆಜಾನ್ ತಮ್ಮದೇ ಚಿಪ್ ಮಾಡಿಕೊಳ್ಳುತ್ತಿವೆ. ಎರಡೂ ಹಳೆಯ ಭಯ. ಹೊಸದು ಚೀನಾದ ಡೀಪ್‌ಸೀಕ್, ಕಡಿಮೆ ಖರ್ಚಿನಲ್ಲಿ ಎಐ ಮಾಡಿದ್ದೇವೆ ಎಂದವರು. ಆದರೆ ಅವರೂ ಬಳಸಿದ್ದು ಎನ್ವಿಡಿಯಾ ಚಿಪ್ಪನ್ನೇ. ಅಷ್ಟನ್ನು ಪುಟದ ಕೆಳಗೆ ಬರೆದು, ಫೋನ್ ಪಕ್ಕಕ್ಕಿಟ್ಟು, ಸುಮ್ನೆ ಮಲಗಿದೆ.